ಹತ್ತನೇ ನಿಮಿಷಕ್ಕೇ ಎಲ್ಲರ ಕೈಗೂ ಮೊಬೈಲ್ ಬಂತು. ಸ್ಲೈಡ್ ಹಾಕಿ ಮಾತಾಡುವಾಗ ಜನರನ್ನ ಹಿಡಿದಿಡೋದು ಹೇಗೆ?

ನೀಲಿಶಾಯಿ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ವಿಷಯ ತಲೇಲಿ ಕೊರೀತಾ ಇದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾನು ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೀನಿ. ಹೋದ ವಾರ ಸುಮಾರು 40 ಜನರ ಮುಂದೆ ಆರು ತಿಂಗಳ ವರದಿ ಒಪ್ಪಿಸಬೇಕಿತ್ತು. 45 ನಿಮಿಷ, 32 ಸ್ಲೈಡ್. ಮೂರು ರಾತ್ರಿ ಕೂತು ಮಾಡಿದ್ದೆ. ಅಂಕಿಗಳನ್ನ ಎರಡೆರಡು ಸಲ ತಾಳೆ ನೋಡಿದ್ದೆ. ಮೊದಲ ಐದು ನಿಮಿಷ ಚೆನ್ನಾಗೇ ಹೋಯ್ತು. ಹತ್ತನೇ ನಿಮಿಷಕ್ಕೆ ತಲೆ ಎತ್ತಿ ನೋಡ್ತೀನಿ, ಹಿಂದಿನ ಎರಡು ಸಾಲು ಪೂರ್ತಿ ಮೊಬೈಲಲ್ಲಿ ಮುಳುಗಿದೆ. ಕೊನೇಲಿ "ಪ್ರಶ್ನೆ ಏನಾದ್ರೂ ಇದೆಯಾ" ಅಂದೆ. ಒಬ್ಬರು ಕೈ ಎತ್ತಿದ್ರು, ಖುಷಿಯಾಯ್ತು. ಅವರು ಕೇಳಿದ್ದು, "ಪಿಪಿಟಿ ಮೇಲ್ ಮಾಡ್ತೀರಾ?"

ಅದರಲ್ಲಿ ನಿಜವಾಗ್ಲೂ ಮುಖ್ಯವಾದ ಒಂದು ಮಾತಿತ್ತು. ವಾಪಸ್ ಬರ್ತಿರೋ ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಯಂತ್ರದ್ದು. ಅದು 21ನೇ ಸ್ಲೈಡಲ್ಲಿತ್ತು. ಮಾರನೇ ದಿನ ಮೂರು ಜನರನ್ನ ಕೇಳಿ ನೋಡಿದೆ, ಒಬ್ಬರಿಗೂ ನೆನಪಿಲ್ಲ. ಬೇಜಾರಾಗಿದ್ದು ಅದಕ್ಕೆ.

ಇನ್ನು ಮೂರು ವಾರಕ್ಕೆ ಅದೇ ಜನರ ಮುಂದೆ ಇನ್ನೊಂದು ಇದೆ. ತೊಂದರೆ ಇರೋದು ನನ್ನ ಮಾತಲ್ಲೋ, ಸ್ಲೈಡಲ್ಲೋ?

ಕೊನೆಬೆಂಚು
ಒಂದೊಂದು ಸ್ಲೈಡಲ್ಲಿ ಎಷ್ಟು ಸಾಲು ಇತ್ತು? ಅಕ್ಷರದ ಗಾತ್ರ ಎಷ್ಟು?

ನೀಲಿಶಾಯಿ
ಆರೇಳು ಬುಲೆಟ್ ಪಾಯಿಂಟ್. ಗಾತ್ರ 18, ಕೆಲವು ಕಡೆ 14. ನಮ್ಮ ಮೇಲಿನವರ ಪ್ರಕಾರ ಎಲ್ಲವೂ ಸ್ಲೈಡಲ್ಲೇ ಇರಬೇಕು, ಯಾಕಂದ್ರೆ ಬರದೇ ಇದ್ದವರಿಗೂ ಅದೇ ಫೈಲ್ ಹೋಗುತ್ತೆ.

ಕೊನೆಬೆಂಚು
ಹಾಗಾದ್ರೆ ರೋಗ ಸಿಕ್ತು. ಹಿಂದಿನ ಸಾಲಿನವರಿಗೆ ಓದಕ್ಕೆ ಆಗ್ತಿರಲಿಲ್ಲ. ಓದಕ್ಕಾಗದ ಪರದೆಯನ್ನ ಎಷ್ಟು ಹೊತ್ತು ನೋಡ್ತಾರೆ ಹೇಳಿ.

ಹಳೆಮೇಷ್ಟ್ರು
ನೀಲಿಶಾಯಿಯವರೇ, ಮೂವತ್ತು ವರ್ಷ ಪಾಠ ಮಾಡಿದವನು ನಾನು. ಓವರ್‌ಹೆಡ್ ಪ್ರೊಜೆಕ್ಟರ್ ಕಾಲದಿಂದ ಈ ಗೋಳು ನೋಡಿದ್ದೇನೆ. ಪಾರದರ್ಶಕ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಗಾಜಿನ ಮೇಲೆ ಇಡುತ್ತಿದ್ದೆವು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಾಳೆಯ ಮೇಲೆ ಒಂದು ರಟ್ಟು ಮುಚ್ಚಿ, ಮಾತಾಡುತ್ತಾ ಒಂದೊಂದೇ ಸಾಲು ಕೆಳಗೆ ಸರಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಅವರು, "ಪೂರ್ತಿ ತೋರಿಸಿದರೆ ಮಕ್ಕಳು ಕೊನೆಯ ಸಾಲು ಓದಿ ಮುಗಿಸಿರುತ್ತಾರೆ, ನಾನಿನ್ನೂ ಮೊದಲನೆಯದರಲ್ಲೇ ಇರುತ್ತೇನೆ" ಎಂದರು. ನನ್ನ ಮಟ್ಟಿಗೆ ಇಡೀ ವಿಷಯ ಅಷ್ಟೇ. ಓದುವುದೂ ಕೇಳುವುದೂ ಒಟ್ಟಿಗೆ ನಡೆಯುವುದಿಲ್ಲ. ಎರಡೂ ಭಾಷೆಯ ಕೆಲಸ, ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದ ಹಾಗೆ.

ಇನ್ನೊಂದು ಸಂಗತಿ. ಪವರ್‌ಪಾಯಿಂಟ್ 1987ರಲ್ಲಿ ಮೊದಲು ಬಂದದ್ದು ಮ್ಯಾಕಿಂಟಾಷ್‌ಗೆ, ಕಪ್ಪು-ಬಿಳುಪಿನಲ್ಲಿ, ಅದೂ ಇಂಥ ಪಾರದರ್ಶಕ ಹಾಳೆಗಳನ್ನು ತಯಾರಿಸುವುದಕ್ಕೆ. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಹಾಳೆ ಕೈಯಲ್ಲಿ ಬರೆಯುವಾಗ ಬರೆಯುವ ಶ್ರಮವೇ ನಮ್ಮನ್ನು ತಡೆಯುತ್ತಿತ್ತು, ನಾಲ್ಕು ಸಾಲಿಗೆ ಕೈ ನೋಯುತ್ತಿತ್ತು. ಈಗ ಕಾಪಿ-ಪೇಸ್ಟ್‌ಗೆ ಆ ತಡೆಯಿಲ್ಲ.

ಅಂಕಿಅಂಶ
ಮೇಷ್ಟ್ರು ಹೇಳಿದ್ದಕ್ಕೆ ಸಂಶೋಧನೆಯ ಬೆಂಬಲ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಮೇಯರ್ ಅನ್ನೋ ಶೈಕ್ಷಣಿಕ ಮನಶ್ಶಾಸ್ತ್ರಜ್ಞರು ಇದರ ಮೇಲೆ ಬಹಳ ವರ್ಷ ಪ್ರಯೋಗ ಮಾಡಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದಾಗ ಜನ ಚೆನ್ನಾಗಿ ಕಲೀತಾರೆ. ಅದೇ ವಿವರಣೆಯನ್ನ ಅಕ್ಷರದಲ್ಲೂ ಪರದೆ ಮೇಲೆ ಹಾಕಿದ್ರೆ ಕಲಿಕೆ ಕಡಿಮೆ ಆಗುತ್ತೆ. ಸ್ಲೈಡಲ್ಲಿರೋದನ್ನ ಹಾಗೇ ಓದೋರು ದಯವಿಟ್ಟು ಇದನ್ನ ಗಮನಿಸಿ.

ರಾತ್ರಿಪಾಳಿ
ನಾನು ಪೂರ್ತಿ ಒಪ್ಪಲ್ಲ. ನನಗೆ ಎಡಗಿವಿ ಸರಿಯಾಗಿ ಕೇಳಿಸಲ್ಲ. ಬರೀ ಚಿತ್ರ ಹಾಕಿ ಅರ್ಧ ಗಂಟೆ ಮಾತಾಡೋರ ಸಭೇಲಿ ನನಗೆ ಅರ್ಧ ಅರ್ಥವಾಗಲ್ಲ. ನಮ್ಮ ತಂಡದಲ್ಲಿ ಬೇರೆ ಬೇರೆ ಭಾಷೆಯವರೂ ಇದ್ದಾರೆ, ಮಾತಿನ ವೇಗ ಅವರಿಗೆ ಹಿಡಿಯಲ್ಲ. ಅಂಥವರಿಗೆ ಪರದೆ ಮೇಲಿನ ನಾಲ್ಕು ಪದ ಊರುಗೋಲು. "ಅಕ್ಷರವೇ ಬೇಡ" ಅನ್ನೋದು ಎಲ್ಲ ಕೇಳಿಸೋರ ಮಾತು.

ಅಂಕಿಅಂಶ
ಒಪ್ಪಿದೆ, ನಾನು ಅರ್ಧ ಹೇಳಿ ಬಿಟ್ಟೆ. ಅದೇ ಸಂಶೋಧನೆಗಳಲ್ಲಿ ಈ ವಿನಾಯಿತಿಗಳೂ ಇವೆ. ಮಾತಿನ ಭಾಷೆ ಕೇಳುಗರ ಮೊದಲ ಭಾಷೆ ಅಲ್ಲದಿದ್ದಾಗ, ಪಾರಿಭಾಷಿಕ ಪದ ಹೊಸದಾಗಿದ್ದಾಗ, ಅಥವಾ ಎರಡು ಮೂರು ಮುಖ್ಯಪದ ಮಾತ್ರ ಚಿತ್ರದ ಪಕ್ಕ ಹಾಕಿದಾಗ ಅಕ್ಷರದಿಂದ ಸಹಾಯವೇ ಆಗುತ್ತೆ. ತೊಂದರೆ ಕೊಡೋದು ಇಡೀ ವಾಕ್ಯವನ್ನ ಹಾಕಿ ಅದನ್ನೇ ಓದೋದು.

ರಾತ್ರಿಪಾಳಿ
ಈಗ ಸರಿ.

ಚುಟುಕು
ಸುಲಭದ ಸೂತ್ರ ಇದೆಯಲ್ಲ. 10-20-30. ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಅಕ್ಷರ 30ಕ್ಕಿಂತ ಚಿಕ್ಕದು ಬೇಡ. ಗೈ ಕಾವಾಸಾಕಿ ಹೇಳಿದ್ದು. ಇಷ್ಟು ಪಾಲಿಸಿದ್ರೆ ಸಾಕು.

ಬಿಳಿಹಾಳೆ
ಆ ಸೂತ್ರ ಹುಟ್ಟಿದ್ದು ಬಂಡವಾಳ ಕೇಳೋಕೆ ಬರೋ ಹೊಸ ಉದ್ದಿಮೆದಾರರಿಗಾಗಿ. ದಿನವಿಡೀ ಅಂಥವರ ಮಾತು ಕೇಳಿ ಸುಸ್ತಾದ ಹೂಡಿಕೆದಾರ ಹೇಳಿದ್ದು ಅದು. ಆರು ತಿಂಗಳ ಗುಣಮಟ್ಟದ ವರದಿಗೆ ಹತ್ತೇ ಸ್ಲೈಡ್ ಅಂತ ಕಟ್ಟಿಹಾಕಿದ್ರೆ ಏನಾಗುತ್ತೆ ಗೊತ್ತಾ? 32 ಸ್ಲೈಡಿನ ಸರಕನ್ನೆಲ್ಲ ಹತ್ತರಲ್ಲಿ ತುರುಕ್ತಾರೆ. ಕಣ್ಣಾರೆ ನೋಡಿದ್ದೀನಿ.

ಸ್ಲೈಡಿನ ಸಂಖ್ಯೆ ಮುಖ್ಯವೇ ಅಲ್ಲ ಅಂತ ನನ್ನ ವಾದ. ಪೆಚಾಕುಚಾ ಅಂತ ಒಂದು ಪದ್ಧತಿ ಇದೆ, 2003ರಲ್ಲಿ ಟೋಕಿಯೋದಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಶುರು ಮಾಡಿದ್ದು. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ತಾನಾಗೇ ಮುಂದಕ್ಕೆ ಹೋಗುತ್ತೆ. ಒಟ್ಟು 6 ನಿಮಿಷ 40 ಸೆಕೆಂಡ್. ಅದೇ ಲೆಕ್ಕದಲ್ಲಿ 45 ನಿಮಿಷಕ್ಕೆ 135 ಸ್ಲೈಡ್ ಆಗುತ್ತೆ! ಯಾರೂ ತೂಕಡಿಸಲ್ಲ, ಯಾಕಂದ್ರೆ ಒಂದು ಸ್ಲೈಡಲ್ಲಿ ಒಂದೇ ಮಾತು.

ಚುಟುಕು
135 ಸ್ಲೈಡ್ ನೋಡಿದ್ರೆ ನನಗೆ ತಲೆ ಸುತ್ತುತ್ತೆ. ಹೊಸಬರಿಗೆ ಒಂದು ಮಿತಿ ಬೇಕು ಸಾರ್, ಅದಕ್ಕೇ ಸೂತ್ರ ಹೇಳಿದ್ದು.

ಬಿಳಿಹಾಳೆ
ಮಿತಿ ಬೇಕು ನಿಜ. ಹಾಕೋದಾದ್ರೆ ಒಂದು ಸ್ಲೈಡಿಗೆ ಎಷ್ಟು ಮಾತು ಅನ್ನೋದಕ್ಕೆ ಹಾಕಿ.

ಗಾಳಿಪಟ
ನೀಲಿಶಾಯಿ ಅಕ್ಕಾರ, ನನಗ ಒಂದು ತಿಳೀವಲ್ದು. ಅಷ್ಟು ದೊಡ್ಡ ಮಾತು, ಒಂದೇ ಯಂತ್ರದಿಂದ ಅರ್ಧಕ್ಕಿಂತ ಹೆಚ್ಚು ಮಾಲು ವಾಪಸ್ ಬರಾಕತ್ತೈತಿ ಅನ್ನೂದು, 21ನೇ ಸ್ಲೈಡಿಗೆ ಯಾಕ ಹೋತು? ಅದನ್ನ ಮೊದಲಿಗೇ ಹೇಳಬೇಕಿತ್ತಲ್ರಿ. ಮನಿಗೆ ಬೆಂಕಿ ಬಿದ್ದಾಗ ಮೊದಲು ಮನಿ ಕಟ್ಟಿದ ಇತಿಹಾಸ ಹೇಳ್ತಾರೇನ್ರಿ ಯಾರರ?

ನೀಲಿಶಾಯಿ
ಗಾಳಿಪಟ ಅವರೇ, ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ನಾನು ಕೆಲಸ ಮಾಡಿದ ಕ್ರಮದಲ್ಲೇ ಹೇಳಿದ್ದೆ. ಮೊದಲು ಮಾಹಿತಿ ಹೇಗೆ ಕಲೆಹಾಕಿದೆ, ಆಮೇಲೆ ವಿಭಾಗವಾರು ಪಟ್ಟಿ, ಆಮೇಲೆ ವಿಶ್ಲೇಷಣೆ, ಕೊನೆಗೆ ತೀರ್ಮಾನ. ನನಗೆ ಆ ಕ್ರಮದಲ್ಲೇ ಅರ್ಥವಾಗಿದ್ದು.

ಹಳೆಮೇಷ್ಟ್ರು
ನಿಮಗೆ ಅರ್ಥವಾದ ಕ್ರಮ ಬೇರೆ, ಅವರಿಗೆ ಬೇಕಾದ ಕ್ರಮ ಬೇರೆ ತಾಯಿ. ಗಾಳಿಪಟ ಒಂದೇ ಏಟಿಗೆ ಮರ್ಮಕ್ಕೆ ಹೊಡೆದರು.

ಚುಕ್ಕಿರೇಖೆ
ನಾನು ವಿನ್ಯಾಸದ ಕೆಲಸ ಮಾಡೋಳು. ದಿನಾ ಬೇರೆಯವರ ಸ್ಲೈಡ್ ರಿಪೇರಿ ಮಾಡೋದೇ ನನ್ನ ಕಸುಬು. ಎಲ್ಲಕ್ಕಿಂತ ಮೊದಲು ನಾನು ಮುಟ್ಟೋದು ತಲೆಬರಹ. ನಿಮ್ಮ 21ನೇ ಸ್ಲೈಡಿನ ತಲೆಬರಹ ಏನಿತ್ತು?

ನೀಲಿಶಾಯಿ
"ಯಂತ್ರವಾರು ವಾಪಸಾತಿ ವಿವರ: ಜನವರಿಯಿಂದ ಜೂನ್".

ಚುಕ್ಕಿರೇಖೆ
ನೋಡಿ, ಅದು ಕಡತದ ಮೇಲೆ ಅಂಟಿಸೋ ಚೀಟಿ. ಒಳಗೆ ಏನಿದೆ ಅಂತ ಹೇಳುತ್ತೆ, ಏನು ಗೊತ್ತಾಯ್ತು ಅಂತ ಹೇಳಲ್ಲ. ಇದರ ಬದಲು "ವಾಪಸ್ ಬರೋ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಯಂತ್ರದ್ದು" ಅಂತ ಇಡೀ ವಾಕ್ಯ ಬರೀರಿ, ಕ್ರಿಯೆ-ಕರ್ತೃ ಎಲ್ಲ ಇರಲಿ. ಕೆಳಗೆ ಅದಕ್ಕೆ ಪುರಾವೆ, ಒಂದೇ ಒಂದು ನಕ್ಷೆ. ಬುಲೆಟ್ ಪಾಯಿಂಟ್ ಬೇಡ. ಈ ಕೆಲಸದ ಇನ್ನೊಂದು ಲಾಭ ಏನಂದ್ರೆ, ತಲೆಬರಹಕ್ಕೆ ವಾಕ್ಯ ಸಿಗದ ಸ್ಲೈಡ್ ಇದ್ರೆ ಅದರಲ್ಲಿ ಹೇಳೋಕೆ ಏನೂ ಇಲ್ಲ ಅಂತ ನಿಮಗೇ ಗೊತ್ತಾಗಿಬಿಡುತ್ತೆ. ತೆಗೆದುಹಾಕಿ. ನನ್ನ ಅನುಭವದಲ್ಲಿ ಮೂರನೇ ಒಂದು ಭಾಗ ಹೀಗೇ ಹೋಗುತ್ತೆ.

ನಕ್ಷೆಯ ವಿಷಯ. ಹನ್ನೆರಡು ಯಂತ್ರಕ್ಕೆ ಹನ್ನೆರಡು ಬಣ್ಣ ಬೇಡ. ಹನ್ನೊಂದು ಕಂಬ ಬೂದು, ಒಂದು ಕಂಬಕ್ಕೆ ಮಾತ್ರ ಗಾಢ ಬಣ್ಣ. ಬಣ್ಣದ ವಿವರವನ್ನ ಮೂಲೆಯ ಡಬ್ಬಿಯಲ್ಲಿ ಹಾಕಿ ಜನರ ಕಣ್ಣನ್ನ ಆ ಕಡೆ ಈ ಕಡೆ ಓಡಿಸಬೇಡಿ, ಹೆಸರನ್ನ ಕಂಬದ ಪಕ್ಕದಲ್ಲೇ ಬರೀರಿ. ಮೂರು ಆಯಾಮದ ದುಂಡು ನಕ್ಷೆ ಯಾವತ್ತೂ ಬೇಡ, ಮುಂದಿರೋ ತುಂಡು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಅದು ಸುಳ್ಳು ಹೇಳಿದ ಹಾಗೆ.

ಮತ್ತೆ ನಕ್ಷೆ ತೆರೆದ ತಕ್ಷಣ ತೀರ್ಮಾನಕ್ಕೆ ಜಿಗೀಬೇಡಿ. "ಅಡ್ಡಕ್ಕೆ ಇರೋದು ಯಂತ್ರಗಳು, ಉದ್ದಕ್ಕೆ ಇರೋದು ವಾಪಸ್ ಬಂದ ಮಾಲಿನ ಸಂಖ್ಯೆ" ಅಂತ ಹೇಳಿ, ಒಂದು ಉಸಿರು ನಿಲ್ಲಿ. ನೀವು ಆ ನಕ್ಷೆಯ ಜೊತೆ ಮೂರು ರಾತ್ರಿ ಕಳೆದಿದ್ದೀರಿ. ಅವರು ನೋಡ್ತಿರೋದು ಮೊದಲ ಸಲ.

ರಾತ್ರಿಪಾಳಿ
ಈ ಕೊನೇ ಪ್ಯಾರಾ ಎಲ್ಲ ಕಚೇರಿಯ ಗೋಡೆ ಮೇಲೂ ಇರಬೇಕು.

ಕೆಂಪುಹಸಿರು
ಬಣ್ಣದ ಮಾತು ಬಂತಲ್ಲ, ಒಂದು ಕೋರಿಕೆ. ನನಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣಲ್ಲ. ಸಭೆಗಳಲ್ಲಿ "ಕೆಂಪು ಇರೋದೆಲ್ಲ ತಡವಾಗಿದೆ, ಹಸಿರು ಇರೋದೆಲ್ಲ ಸರಿಯಿದೆ" ಅಂತ ಮುಂದಕ್ಕೆ ಹೋಗಿಬಿಡ್ತಾರೆ, ನನಗೆ ಎರಡೂ ಒಂದೇ ಕಂದು. ಹೊಸ ಕೆಲಸಕ್ಕೆ ಸೇರಿದಾಗ ಎರಡು ವರ್ಷ ಯಾರಿಗೂ ಹೇಳದೆ ಪಕ್ಕದವರ ಮುಖ ನೋಡಿ ಊಹಿಸ್ತಿದ್ದೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನಕ್ಕೆ ಇದಿದೆ, ಬೇರೆ ಕಡೆ ಪ್ರಮಾಣ ಕಡಿಮೆ. ಆದರೂ 40 ಜನರ ಕೋಣೆಯಲ್ಲಿ ಒಬ್ಬರೋ ಇಬ್ಬರೋ ಇರೋ ಸಾಧ್ಯತೆ ಚೆನ್ನಾಗೇ ಇದೆ. ನೀಲಿ ಮತ್ತು ಕಿತ್ತಳೆ ಬಳಸಿ. ಇಲ್ಲ ಅಂದ್ರೆ ಬಣ್ಣದ ಜೊತೆ ಒಂದು ಗುರುತು ಹಾಕಿ, ಸರಿಗೆ ಟಿಕ್, ತಪ್ಪಿಗೆ ಅಡ್ಡಗೆರೆ.

ಚುಕ್ಕಿರೇಖೆ
ನಾಳೆಯಿಂದಲೇ ಮಾಡ್ತೀನಿ. ಹೇಳಿದ್ದಕ್ಕೆ ಧನ್ಯವಾದ.

ಚುಟುಕು
ಸ್ಲೈಡ್ ಬಗ್ಗೆ ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀರಿ? ಮಾತಿನ ಪ್ರಭಾವದಲ್ಲಿ ಪದಗಳ ಪಾಲು 7% ಮಾತ್ರ. ಉಳಿದ 93% ಧ್ವನಿ ಮತ್ತು ಹಾವಭಾವ. ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದು.

ಅಂಕಿಅಂಶ
ಇದನ್ನ ನೋಡಿ ಸುಮ್ಮನೆ ಇರಕ್ಕಾಗಲ್ಲ. ಅದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದ ಅಂಕಿ. ಅಲ್ಲಿ ಮಾಡಿದ್ದು ಇಷ್ಟು: ಬಿಡಿ ಬಿಡಿ ಪದಗಳನ್ನ ಬೇರೆ ಬೇರೆ ಧ್ವನಿಯಲ್ಲಿ ಕೇಳಿಸೋದು, ಮುಖದ ಫೋಟೋ ತೋರಿಸೋದು, ಹೇಳುವವರಿಗೆ ಇಷ್ಟ ಇದೆಯಾ ಇಲ್ಲವಾ ಅಂತ ಊಹಿಸೋಕೆ ಹೇಳೋದು. ಭಾವನೆ, ಒಲವುಗಳ ಬಗ್ಗೆ ಮಾತಾಡುವಾಗ ಮಾತ್ರ ಇದು ಅನ್ವಯ ಅಂತ ಅವರೇ ಸ್ಪಷ್ಟ ಮಾಡಿದ್ದಾರೆ. ಪದಗಳ ಪಾಲು 7% ಮಾತ್ರ ಆಗಿದ್ರೆ, ಗೊತ್ತಿಲ್ಲದ ಭಾಷೆಯ ಭಾಷಣ ನಮಗೆ 93% ಅರ್ಥವಾಗಬೇಕಿತ್ತು.

ಜೊತೆಗೆ "ಒಂದು ಸ್ಲೈಡಲ್ಲಿ ಏಳು ಸಾಲು ಇರಬಹುದು, ವಿಜ್ಞಾನ ಹೇಳಿದೆ" ಅನ್ನೋದೂ ಹೀಗೇ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದು ತತ್ಕಾಲದ ನೆನಪಿನ ಮಿತಿಯ ಬಗ್ಗೆ, ಪರದೆಯ ಮೇಲಿನ ಸಾಲುಗಳ ಬಗ್ಗೆ ಅಲ್ಲ. ನಂತರದ ಸಂಶೋಧಕರು ಆ ಏಳನ್ನೂ ಸುಮಾರು ನಾಲ್ಕಕ್ಕೆ ಇಳಿಸಿದ್ದಾರೆ.

ಚುಟುಕು
ಗೊತ್ತಿರಲಿಲ್ಲ. ಎಷ್ಟು ಕಡೆ ಹೇಳಿದ್ದೀನೋ ಇದನ್ನ. ಇನ್ನು ಹೇಳಲ್ಲ. ಆದ್ರೆ ಧ್ವನಿ ಮುಖ್ಯ ಅನ್ನೋದನ್ನ ಬಿಡಲ್ಲ, ಒಂದೇ ಏರಿಳಿತದಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ರೆ ಎಂಥ ಸ್ಲೈಡೂ ಉಳಿಸಲ್ಲ.

ಅಂಕಿಅಂಶ
ಅದಕ್ಕೆ ನನ್ನದೇನೂ ತಕರಾರಿಲ್ಲ.

ಆಕಾಶಬುಟ್ಟಿ
ಮುಖ್ಯವಾದ ಮಾತು 21ನೇ ಸ್ಲೈಡಲ್ಲಿ ಹೂತುಹೋಯ್ತು ಅಂದಾಗ ನನಗೆ ತಕ್ಷಣ ನೆನಪಾಗಿದ್ದು ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ. 2003ರ ಜನವರಿ 16ಕ್ಕೆ ನೌಕೆ ಹಾರಿದಾಗ ಹೊರಗಿನ ಇಂಧನ ಟ್ಯಾಂಕಿನಿಂದ ನೊರೆಯಂಥ ಕವಚದ ತುಂಡು ಕಿತ್ತು ಎಡರೆಕ್ಕೆಗೆ ಬಡೀತು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರುಗಳು ಅದರ ಅಪಾಯದ ಬಗ್ಗೆ ಅಧಿಕಾರಿಗಳಿಗೆ ಸ್ಲೈಡ್ ತೋರಿಸಿದ್ರು. ಅದರಲ್ಲೊಂದರ ತಲೆಬರಹ ಓದಿದವರಿಗೆ ಭಯಪಡೋ ಅಗತ್ಯ ಇಲ್ಲ ಅನ್ನಿಸೋ ಹಾಗಿತ್ತು. ಕೆಳಗೆ, ಬುಲೆಟ್‌ನೊಳಗೆ ಬುಲೆಟ್, ಅದರೊಳಗೆ ಇನ್ನೊಂದು, ಚಿಕ್ಕ ಅಕ್ಷರದಲ್ಲಿ ಕೊನೆಯಲ್ಲಿ ಇದ್ದದ್ದು ಏನು ಗೊತ್ತಾ? ಪರೀಕ್ಷೆ ಮಾಡಿದ ತುಂಡಿನ ಗಾತ್ರ 3 ಘನ ಇಂಚು, ನಿಜವಾಗಿ ಬಡಿದಿದ್ದು 1,920 ಘನ ಇಂಚು. 640 ಪಟ್ಟು! ಅಂದ್ರೆ ಆ ಪರೀಕ್ಷೆಯನ್ನ ನಂಬಿ ಧೈರ್ಯ ಹೇಳೋ ಹಾಗೇ ಇರಲಿಲ್ಲ. ಫೆಬ್ರವರಿ 1ಕ್ಕೆ ವಾಪಸ್ ಬರುವಾಗ ನೌಕೆ ಒಡೆದುಹೋಯ್ತು. ಕಲ್ಪನಾ ಚಾವ್ಲಾ ಸೇರಿ ಏಳೂ ಜನ ಹೋದ್ರು. ವಿಚಾರಣಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನ ಎತ್ತಿ ತೋರಿಸಿ, ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಳಸೋ ರೂಢಿಯನ್ನೇ ಟೀಕಿಸಿದೆ.

ಬಿಳಿಹಾಳೆ
ಸ್ಲೈಡಿನಿಂದ ನೌಕೆ ಒಡೀಲಿಲ್ಲ ಅನ್ನೋದನ್ನೂ ಹೇಳಬೇಕಲ್ಲ. ರೆಕ್ಕೆಗೆ ಬಿದ್ದ ಏಟಿನಿಂದ ಒಡೆದದ್ದು. ಸಂಸ್ಥೆಯ ಒಳಗಿನ ಆತುರ, ಕೆಳಗಿನವರ ಮಾತು ಮೇಲಕ್ಕೆ ಹೋಗದ ವಾತಾವರಣ, ಎಲ್ಲ ಸೇರಿತ್ತು. ಎಲ್ಲವನ್ನೂ ಪವರ್‌ಪಾಯಿಂಟ್ ತಲೆಗೆ ಕಟ್ಟೋದು ಸರಿಯಲ್ಲ.

ಆಕಾಶಬುಟ್ಟಿ
ಕಟ್ಟಿಲ್ಲ ಸಾರ್. ಏಟು ಬಿದ್ದಿದ್ದಕ್ಕೆ ಸ್ಲೈಡ್ ಕಾರಣ ಅಲ್ಲ. ಏಟಿನ ತೀವ್ರತೆ ತಿಳೀಬೇಕಾದವರಿಗೆ ತಿಳೀದೇ ಇದ್ದಿದ್ದಕ್ಕೆ ಅದೂ ಒಂದು ಕಾರಣ. 1,920 ಅನ್ನೋ ಒಂದು ಅಂಕಿ ತಲೆಬರಹದಲ್ಲಿ ಇದ್ದಿದ್ದರೆ ಅನ್ನಿಸುತ್ತೆ ನನಗೆ, ಪ್ರತಿ ಸಲ.

ಗಾಳಿಪಟ
ಓದಿ ಎದಿ ಝಲ್ ಅಂತು.

ಮೌನಿ
ಇಷ್ಟು ಹೊತ್ತು ಓದ್ತಾ ಇದ್ದೆ. ನನ್ನ ಕಷ್ಟ ಬೇರೆ. ಸ್ಲೈಡ್ ಚೆನ್ನಾಗೇ ಮಾಡ್ತೀನಿ, ಎದ್ದು ನಿಂತ್ರೆ ಬಾಯಿ ಒಣಗುತ್ತೆ, ಪರದೆ ಕಡೆ ತಿರುಗಿ ಓದೋಕೆ ಶುರು ಮಾಡಿಬಿಡ್ತೀನಿ. ಅಕ್ಷರ ಕಮ್ಮಿ ಮಾಡಿದ್ರೆ ನನಗೆ ಹಿಡ್ಕೊಳ್ಳೋಕೆ ಏನೂ ಇರಲ್ಲ.

ಹಳೆಮೇಷ್ಟ್ರು
ಮೌನಿಯವರೇ, ನೀವು ಹೇಳಿದ್ದರಲ್ಲಿ ದೊಡ್ಡ ವಿಷಯವಿದೆ. ಜನ ಸ್ಲೈಡ್ ತುಂಬಿಸುವುದು ಕೇಳುವವರಿಗಾಗಿ ಅಲ್ಲ, ತಾವು ಮರೆಯಬಾರದು ಎಂದು. ಪರದೆ ನಮ್ಮ ಚೀಟಿ ಆಗಿಬಿಡುತ್ತದೆ. ನಿಮಗೆ ಚೀಟಿ ಬೇಕೇ? ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಅದು ನಿಮ್ಮ ಕೈಯಲ್ಲಿರಲಿ, ಗೋಡೆಯ ಮೇಲೆ ಬೇಡ. ಅಂಚೆ ಕಾರ್ಡಿನಷ್ಟು ರಟ್ಟಿನ ಮೇಲೆ ಒಂದೊಂದು ಸ್ಲೈಡಿಗೂ ಒಂದೇ ಸಾಲು ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಇನ್ನು ಅಭ್ಯಾಸ. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ಎದ್ದು ನಿಂತು, ಬಾಯಿ ಬಿಟ್ಟು, ಗಡಿಯಾರ ಇಟ್ಟುಕೊಂಡು ಮೂರು ಸಲ ಹೇಳಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಬಾಯಿಪಾಠವಾಗಿರಲಿ. ನಡುವಿನದನ್ನು ಬಾಯಿಪಾಠ ಮಾಡಬೇಡಿ, ಒಂದು ಪದ ತಪ್ಪಿದರೆ ಇಡೀ ಸರಪಳಿ ಕಡಿಯುತ್ತದೆ.

ಕೊನೆಬೆಂಚು
ಮೇಷ್ಟ್ರ ರಟ್ಟಿನ ಜೊತೆ ಇದನ್ನೂ ಕಲೀರಿ. ಪವರ್‌ಪಾಯಿಂಟಲ್ಲಿ ಪ್ರೆಸೆಂಟರ್ ವ್ಯೂ ಅಂತ ಇದೆ. ಲ್ಯಾಪ್‌ಟಾಪಲ್ಲಿ ನಿಮಗೆ ಟಿಪ್ಪಣಿ, ಗಡಿಯಾರ, ಮುಂದಿನ ಸ್ಲೈಡ್ ಕಾಣುತ್ತೆ, ಜನಕ್ಕೆ ಸ್ಲೈಡ್ ಮಾತ್ರ. ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ. ಡೂಪ್ಲಿಕೇಟ್‌ನಲ್ಲಿ ಬಿಟ್ರೆ ಎರಡೂ ಕಡೆ ಒಂದೇ ಕಾಣುತ್ತೆ.

ಹಾಗೇ ಸ್ಲೈಡ್ ನಡೀತಿರುವಾಗ ಬಿ ಒತ್ತಿ ನೋಡಿ, ಪರದೆ ಕಪ್ಪಾಗುತ್ತೆ. ಮತ್ತೆ ಒತ್ತಿದ್ರೆ ವಾಪಸ್ ಬರುತ್ತೆ. ಕಪ್ಪಾದ ಕ್ಷಣ ಎಲ್ಲರ ಕಣ್ಣೂ ನಿಮ್ಮ ಮೇಲೆ ಬೀಳುತ್ತೆ. ಮುಖ್ಯವಾದ ಮಾತನ್ನ ಆಗ ಹೇಳಿ. ಯಾರಾದ್ರೂ "ಆ ಒಂಬತ್ತನೇದು ಮತ್ತೆ ತೋರಿಸಿ" ಅಂದ್ರೆ ಒಂದೊಂದಾಗಿ ಹಿಂದೆ ಹೋಗಬೇಡಿ, 9 ಒತ್ತಿ ಎಂಟರ್ ಒತ್ತಿ.

ಮೌನಿ
ಬಿ ಒತ್ತೋದು ಗೊತ್ತೇ ಇರಲಿಲ್ಲ!! ಎಷ್ಟು ವರ್ಷದಿಂದ ಬಳಸ್ತಿದ್ದೀನಿ.

ತಂತಿಕಂಬ
ಲ್ಯಾಪ್‌ಟಾಪನ್ನ ನಂಬಬೇಡಿ ಅಂತ ನನ್ನ ಕಡೆಯಿಂದ. ಒಂದು ಸಂದರ್ಶನದ ಸುತ್ತಿಗೆ ಸ್ಲೈಡ್ ಮಾಡ್ಕೊಂಡು ಹೋಗಿದ್ದೆ, ಅಲ್ಲಿನ ಕಂಪ್ಯೂಟರಲ್ಲಿ ನಾನು ಬಳಸಿದ ಫಾಂಟ್ ಇರಲಿಲ್ಲ, ಅಕ್ಷರವೆಲ್ಲ ಚೌಕ ಚೌಕ. ಐದು ನಿಮಿಷ ಒದ್ದಾಡಿ ಕೊನೆಗೆ ಮುಚ್ಚಿಟ್ಟು, ಬಿಳಿ ಹಲಗೆ ಮೇಲೆ ಮೂರು ಚಿತ್ರ ಬಿಡಿಸಿ ಹೇಳಿದೆ. ಅವತ್ತಿನಷ್ಟು ಪ್ರಶ್ನೆ ನನಗೆ ಯಾವತ್ತೂ ಬಂದಿಲ್ಲ. ನಾನು ಗೆರೆ ಎಳೀತಾ ಇದ್ರೆ ಅವರು ಮುಂದಿನ ಗೆರೆ ಎಲ್ಲಿ ಬರುತ್ತೆ ಅಂತ ಕಾಯ್ತಿದ್ರು. ಕೆಲಸವೂ ಸಿಕ್ತು. ಈಗ ಫಾಂಟನ್ನ ಫೈಲೊಳಗೇ ಸೇರಿಸಿ ಉಳಿಸ್ತೀನಿ, ಜೊತೆಗೊಂದು ಪಿಡಿಎಫ್ ಇಟ್ಕೊಳ್ತೀನಿ. ಆದ್ರೆ ಒಂದು ಚಿತ್ರ ಮಾತ್ರ ಯಾವಾಗಲೂ ಹಲಗೆ ಮೇಲೇ ಬಿಡಿಸ್ತೀನಿ.

ಹಳೆಮೇಷ್ಟ್ರು
ಬಿಡಿಸುವ ವೇಗ ಅರ್ಥವಾಗುವ ವೇಗಕ್ಕೆ ಹತ್ತಿರ. ಕಪ್ಪು ಹಲಗೆ, ಸೀಮೆಸುಣ್ಣದ ಗುಣವೇ ಅದು. ನನ್ನನ್ನು ಕೇಳಿದರೆ ಅದಕ್ಕೆ ಸಮನಾದ ಸಾಧನ ಇನ್ನೂ ಬಂದಿಲ್ಲ.

ಬಿಳಿಹಾಳೆ
ಸೀಮೆಸುಣ್ಣದ ಧೂಳು ಕುಡಿದವರು ನಾವು, ಬೇಡ ಮೇಷ್ಟ್ರೇ.

ಹಳೆಮೇಷ್ಟ್ರು
ಧೂಳು ನಾನು ನಿಮಗಿಂತ ಹೆಚ್ಚು ಕುಡಿದಿದ್ದೇನೆ, ಆದರೂ ಹೇಳುತ್ತೇನೆ.

ನಿರ್ವಾಹಕರು
ಹಲಗೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ನೀಲಿಶಾಯಿಯವರ ಪ್ರಶ್ನೆಗೆ ಬನ್ನಿ, ಅವರ ಮೇಲಿನವರ ಷರತ್ತಿನ ಬಗ್ಗೆ ಇನ್ನೂ ಯಾರೂ ಹೇಳಿಲ್ಲ.

ಬಿಳಿಹಾಳೆ
ಸರಿ, ಅದಕ್ಕೇ ಬರ್ತೀನಿ. "ಬರದವರಿಗೂ ಅದೇ ಫೈಲ್ ಹೋಗಬೇಕು" ಅನ್ನೋದೇ ಬೇರು. ಓದೋಕೆ ಮಾಡಿದ್ದು ನೋಡೋಕೆ ಆಗಲ್ಲ, ನೋಡೋಕೆ ಮಾಡಿದ್ದು ಓದೋಕೆ ಆಗಲ್ಲ. ಎರಡನ್ನೂ ಒಂದೇ ಫೈಲಲ್ಲಿ ಮಾಡಹೋದ್ರೆ ಎದುರಿಗೆ ಕೂತವರಿಗೂ ಇಲ್ಲ, ಮೇಲ್ ಪಡೆದವರಿಗೂ ಇಲ್ಲ. ಎರಡು ಮಾಡಿ. ಸ್ಲೈಡಿನ ಕೆಳಗೆ ಟಿಪ್ಪಣಿ ಬರೆಯೋ ಜಾಗ ಇದೆಯಲ್ಲ, ನಿಮ್ಮ ಬುಲೆಟ್ಟುಗಳನ್ನೆಲ್ಲ ಅಲ್ಲಿಗೆ ಇಳಿಸಿ, ವಾಕ್ಯ ಮಾಡಿ. ಮುದ್ರಿಸುವಾಗ ಟಿಪ್ಪಣಿ ಪುಟ ಅಂತ ಆರಿಸಿ ಪಿಡಿಎಫ್ ಮಾಡಿ. ಮೇಲೆ ಚಿತ್ರ, ಕೆಳಗೆ ಪೂರ್ತಿ ವಿವರಣೆ. ಮೇಲಿನವರಿಗೆ ಅದನ್ನ ಕೊಡಿ, ಅವರಿಗೆ ಮೊದಲಿಗಿಂತ ಜಾಸ್ತಿಯೇ ಸಿಕ್ಕ ಹಾಗಾಯ್ತು.

ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟನ್ನೇ ತೆಗೆಸಿದ್ರು. ಅದರ ಬದಲು ಆರು ಪುಟದವರೆಗಿನ ಬರಹ, ಪೂರ್ತಿ ವಾಕ್ಯಗಳಲ್ಲಿ. ಸಭೆಯ ಮೊದಲಿಗೆ ಎಲ್ಲರೂ ಮೌನವಾಗಿ ಕೂತು ಓದಿ, ಆಮೇಲೆ ಚರ್ಚೆ. ವಿವರ ಮುಖ್ಯ ಅಂದವರು ವಿವರವನ್ನ ಓದೋ ರೂಪದಲ್ಲೇ ಕೊಟ್ರು.

ನೀಲಿಶಾಯಿ
ಟಿಪ್ಪಣಿ ಪುಟದ ಉಪಾಯ ನಮ್ಮವರು ಒಪ್ಪಬಹುದು ಅನ್ನಿಸ್ತಿದೆ. ನಾಳೆ ಕೇಳ್ತೀನಿ.

ದೂರದೀಪ
ಆನ್‌ಲೈನ್ ಸಭೆ ಬಗ್ಗೆಯೂ ಯಾರಾದ್ರೂ ಹೇಳಿ. ಎಲ್ಲರ ಕ್ಯಾಮೆರಾ ಆಫ್, ಗೋಡೆಗೆ ಮಾತಾಡಿದ ಹಾಗೆ.

ಕೊನೆಬೆಂಚು
ಅಲ್ಲಿ ಸ್ಲೈಡ್ ಬೇಗ ಬೇಗ ಬದಲಾಗಬೇಕು, ನಿಂತ ಚಿತ್ರ ಎರಡು ನಿಮಿಷ ದಾಟಿದ್ರೆ ಜನ ಬೇರೆ ಕಿಟಕಿ ತೆರೀತಾರೆ. ಮತ್ತೆ "ಎಲ್ಲರಿಗೂ ಅರ್ಥ ಆಯ್ತಾ" ಅಂತ ಕೇಳಬೇಡಿ. "ಎರಡರಲ್ಲಿ ಯಾವುದು ಸರಿ ಅನ್ಸುತ್ತೆ, ಚಾಟಲ್ಲಿ 1 ಅಥವಾ 2 ಹಾಕಿ" ಅನ್ನಿ. ಒಂದಂಕಿ ಒತ್ತೋಕೆ ಯಾರಿಗೂ ಸಂಕೋಚ ಇಲ್ಲ.

ಹಳೆಮೇಷ್ಟ್ರು
ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಅಳೆದು ನೋಡಿದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಬಾಯಿಬಿಟ್ಟರು. ಆ ಮೂರು ಸೆಕೆಂಡ್ ಮೌನ ನಿಂತವನಿಗೆ ಮೂರು ನಿಮಿಷ ಅನ್ನಿಸುತ್ತದೆ. ತಡೆದುಕೊಳ್ಳಬೇಕು.

ಚುಟುಕು
ಈಗೆಲ್ಲ ಎಐಗೆ ಹೇಳಿದ್ರೆ ಹತ್ತು ಸೆಕೆಂಡಲ್ಲಿ ಸ್ಲೈಡ್ ಮಾಡಿಕೊಡುತ್ತಲ್ಲ?

ಚುಕ್ಕಿರೇಖೆ
ಕೊಡುತ್ತೆ. ಅದನ್ನೂ ನಾನು ರಿಪೇರಿ ಮಾಡ್ತಿದ್ದೀನಿ. ನೋಡೋಕೆ ಅಂದ, ಆದ್ರೆ ಆ ಒಂದು ಯಂತ್ರ ಮುಖ್ಯ ಅಂತ ನೀಲಿಶಾಯಿಯವರಿಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಅದನ್ನ ತೀರ್ಮಾನ ಮಾಡಿದ ಮೇಲೆ ಯಾವ ಸಾಧನ ಬೇಕಾದ್ರೂ ಬಳಸಿ.

ನೀಲಿಶಾಯಿ
ಮೂರು ವಾರ ಆಯ್ತು, ಮೊನ್ನೆ ಮುಗೀತು. ಇಷ್ಟೊಂದು ಜನ ನಿಮ್ಮ ಸಮಯ ಕೊಟ್ಟಿದ್ದೀರಿ, ಅದಕ್ಕೆ ಪೂರ್ತಿ ಬರೀತೀನಿ.

ಮೇಲಿನವರು ಟಿಪ್ಪಣಿ ಪುಟಕ್ಕೆ ಒಪ್ಪಿದ್ರು, "ಈ ಸಲ ನೋಡೋಣ" ಅಂದ್ರು. ಸ್ಲೈಡ್ 14 ಆಯ್ತು. ಎಲ್ಲದಕ್ಕೂ ತಲೆಬರಹ ವಾಕ್ಯದಲ್ಲಿ. ವಾಕ್ಯ ಬರೆಯೋಕೆ ಕೂತಾಗಲೇ ಹನ್ನೊಂದು ಸ್ಲೈಡ್ ತಾವಾಗೇ ಬಿದ್ದುಹೋದವು, ಚುಕ್ಕಿರೇಖೆ ಹೇಳಿದ ಹಾಗೇ. ಮೊದಲನೇ ಸ್ಲೈಡ್ ಬರೀ ಒಂದು ಫೋಟೋ, ಒಡೆದು ವಾಪಸ್ ಬಂದ ಒಂದು ಭಾಗದ್ದು. "ಇಂಥದ್ದು ಬರ್ತಿರೋದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಯಂತ್ರದ್ದು" ಅಂದೆ, ಬಿ ಒತ್ತಿದೆ. ಕೋಣೆ ನಿಶ್ಶಬ್ದ ಆಯ್ತು. ನನ್ನ ಎದೆ ಬಡ್ಕೊಳ್ಳೋದು ನನಗೇ ಕೇಳಿಸ್ತಿತ್ತು. "ಯಾವುದು ಇರಬಹುದು ಅನ್ಸುತ್ತೆ?" ಅಂತ ಕೇಳಿ ಕಾದೆ. ಮೇಷ್ಟ್ರೇ, ಆ ಮೂರು ಸೆಕೆಂಡ್ ಬಗ್ಗೆ ನೀವು ಹೇಳಿದ್ದು ನಿಜ. ಆಮೇಲೆ ಹಿಂದಿನ ಸಾಲಿಂದ ಒಬ್ಬರು ಒಂದು ಯಂತ್ರದ ಹೆಸರು ಹೇಳಿದ್ರು, ಪಕ್ಕದವರು ಅಲ್ಲ ಅಂದ್ರು, ಅವರವರಲ್ಲೇ ವಾದ ಶುರುವಾಯ್ತು. ನಕ್ಷೆ ತೆರೆದಾಗ ಎಲ್ಲರೂ ನೋಡ್ತಿದ್ರು.

ಎಲ್ಲವೂ ಸರಿಹೋಗಲಿಲ್ಲ. ನಡುವೆ ಖರ್ಚಿನ ಲೆಕ್ಕದ ಮೂರು ಸ್ಲೈಡಲ್ಲಿ ಮತ್ತೆ ಮೊಬೈಲ್ ಹೊರಗೆ ಬಂತು. ಅಲ್ಲಿ ಕೋಷ್ಟಕ ಬಿಟ್ಟು ಬೇರೆ ದಾರಿ ಹೊಳೆದಿರಲಿಲ್ಲ. ಮತ್ತೆ ಚರ್ಚೆ ಎದ್ದಿದ್ದರಿಂದ ಸಮಯ ಮೀರಿ, ಕೊನೆಯ ಎರಡು ಸ್ಲೈಡ್ ತೋರಿಸೋಕೇ ಆಗಲಿಲ್ಲ.

ಆ ಯಂತ್ರವನ್ನ ಬಿಚ್ಚಿ ನೋಡೋಕೆ ಅವತ್ತೇ ದಿನಾಂಕ ಗೊತ್ತು ಮಾಡಿದ್ರು.

ಗಾಳಿಪಟ
ಅಕ್ಕಾರ, ಭಾಳ ಚಲೋ ಆತು ನೋಡ್ರಿ!

ಚುಕ್ಕಿರೇಖೆ
ಕೋಷ್ಟಕ ಇರಲಿ, ಪರವಾಗಿಲ್ಲ. ಪೂರ್ತಿ ಕೋಷ್ಟಕವನ್ನ ಟಿಪ್ಪಣಿ ಪುಟಕ್ಕೆ ಕಳಿಸಿ, ಪರದೆ ಮೇಲೆ ಅದರಲ್ಲಿನ ಒಂದೇ ಅಂಕಿಯನ್ನ ದೊಡ್ಡದಾಗಿ ಹಾಕಿ. ಯಾವ ಅಂಕಿ ಅಂತ ಆರಿಸೋಕೆ ಆಗ್ತಿಲ್ಲ ಅಂದ್ರೆ ಆ ಕೋಷ್ಟಕ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.

ಹಳೆಮೇಷ್ಟ್ರು
ಸಮಯದ ಬಗ್ಗೆ: ಚರ್ಚೆಗೆ ಮೂರನೇ ಒಂದು ಭಾಗ ಮೊದಲೇ ತೆಗೆದಿಡಿ. 45 ನಿಮಿಷವಿದ್ದರೆ 30ಕ್ಕೆ ತಯಾರಾಗಿ. ಯಾವ ಸ್ಲೈಡ್ ಬಿಟ್ಟರೂ ನಷ್ಟವಿಲ್ಲ ಎನ್ನುವುದನ್ನೂ ಮೊದಲೇ ಗುರುತು ಹಾಕಿಕೊಳ್ಳಿ.

ನೀಲಿಶಾಯಿ
ಸರಿ ಮೇಷ್ಟ್ರೇ. ಚುಕ್ಕಿರೇಖೆ ಅವರೇ, ಯಂತ್ರಗಳ ಹೆಸರು ತೆಗೆದು ರಾತ್ರಿ ಕೋಷ್ಟಕ ಹಾಕ್ತೀನಿ.

ಮೌನಿ
ನನಗೆ ಗುರುವಾರ ಬೆಳಗ್ಗೆ ಇದೆ. ರಟ್ಟಿನ ಚೀಟಿ ಬರೆದುಕೊಂಡೆ, ಎದ್ದು ನಿಂತು ಎರಡು ಸಲ ಹೇಳಿದೆ. ಒಂದು ಸಲ 19 ನಿಮಿಷ, ಇನ್ನೊಂದು ಸಲ 26. ಯಾವುದನ್ನ ನಂಬಲಿ?

ಹಳೆಮೇಷ್ಟ್ರು
ಮೂರನೆಯ ಸಲ ಹೇಳಿ, ಆಮೇಲೆ ತಿಳಿಸಿ.